ಭವಿಷ್ಯದ ಶಾಲೆಗೆ ಅರಿಶಿನ-ಕುಂಕುಮ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತುರ್ಭೆಯ ಹೆಂಗಸರು ಹೇಳುತ್ತಾರೆ, ಅದೂ ಅಭಿನಯ ಸಮೇತ. ಪ್ರತಿ ನವರಾತ್ರಿಗೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಅವ್ವ ದೇವಿಯ ಘಟ ಕೂಡಿಸುತ್ತಾಳೆ. ಮಣ್ಣು ಹರಡಿ, ಜೋಳ ಬಿತ್ತಿ, ನಡುವೆ ನೀರು ತುಂಬಿದ ಹಿತ್ತಾಳೆ ಚೊಂಬು, ಅದರ ಮೇಲೊಂದು ತೆಂಗಿನಕಾಯಿ. ಇದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ನೋಡಿಯೂ ಹೀಗಾಯಿತು!

ಬೇಲಾಪುರಕ್ಕೆ ಲೋಕಲ್ ರೈಲು ಬರತೊಡಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅಲ್ಲಿಯ ಒಂದು ಆಫೀಸಿನಲ್ಲಿ ಕಟ್ಟಡದ ನಕ್ಷೆಗಳಿಗೆ ಗೆರೆ ಎಳೆಯುವುದು ನನ್ನ ಕೆಲಸ. ಗೆರೆಗಿಂತ ಬಾಸಿನ ಕೆಮ್ಮು, ಚಹಾದವನ ಕೂಗು, ಟಿಕೆಟ್ ತಪಾಸಣೆಯವನ ಗದರಿಕೆ ಅನುಕರಿಸುವುದರಲ್ಲೇ ನನಗೆ ಹೆಚ್ಚು ಹೆಸರಿತ್ತು. ಶನಿವಾರ ಮಾತ್ರ ತುರ್ಭೆಯ ಕನ್ನಡ ಶಾಲೆಗೆ ಹೋಗಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತಿದ್ದೆ. ಶಾಲೆ ಎಂದರೆ ಹಿಟ್ಟಿನ ಗಿರಣಿಯ ಮೇಲಿನ ಒಂದೇ ಒಂದು ಹಾಲ್. ಗಿರಣಿ ಶುರುವಾದರೆ ಮಗ್ಗಿಯೂ ನಡುಗುತ್ತಿತ್ತು. "ಮರ ಬರೆಯಿರಿ" ಎಂದರೆ ಮಕ್ಕಳು ಲೈಟ್ ಕಂಬ ಬರೆದು ಹಸಿರು ಬಳಿಯುತ್ತಿದ್ದರು!

ಶಾಲೆಯ ಹಿಂದೆ ಹೋಟೆಲಿನ ಶೆಟ್ಟರದ್ದೊಂದು ಖಾಲಿ ಅಂಗಳವಿತ್ತು. ಅದನ್ನು ಟೆಂಪೋ ನಿಲ್ಲಿಸಲು ಕೊಡುವ ಯೋಚನೆಯಲ್ಲಿದ್ದರು ಅವರು. ಮಕ್ಕಳಿಗೆ ಕಾಲಿಡಲು ಮಣ್ಣು ಸಿಗುವುದಿದ್ದರೆ ಅಲ್ಲಿಯೇ. ಇಲ್ಲವಾದರೆ ಡೀಸೆಲ್ ಹೊಗೆಯೇ ಗತಿ. ನಮ್ಮ ಮುಖ್ಯೋಪಾಧ್ಯಾಯಿನಿ ಕುಲಕರ್ಣಿ ಬಾಯಿ ಹೋಗಿ ಅದನ್ನು ಶಾಲೆಗೆ ಕೇಳಿದರು.

"ಗಿಡ ನೆಡ್ತೇವೆ ಅಂತ ಎಲ್ಲರೂ ಹೇಳ್ತಾರೆ," ಎಂದರು ಶೆಟ್ಟರು. "ಫೋಟೋ ತೆಗೆದ ಮೇಲೆ ನೀರು ಹಾಕುವವರು ಯಾರು ಮಾರಾಯ್ರೆ? ಎಂತ ಮಾಡ್ತೀರಿ ಅಂತ ಮೊದಲು ತೋರಿಸಿ. ದಸರೆಗೆ ಬಂದು ನೋಡ್ತೇನೆ."

ನಾನು ಎದೆ ಸೆಟೆಸಿದೆ. "ಬಾಯಿ, ಭವಿಷ್ಯದ ಶಾಲೆಯ ಮಾಡೆಲ್ ನಾ ಮಾಡ್ತೀನಿ. ಅದರಾಗಿನ ಹಸಿರು ಖರೇನ ಇರ್ತದ!"

"ಮಾಡೆಲ್ ಮಾಡು ಶ್ರೀಧರ. ಆದ್ರ ಶೆಟ್ಟರ ಮುಂದ ಶೆಟ್ಟರ ದನಿ ತಗೀಬ್ಯಾಡ."

ಪ್ಲೈವುಡ್ ಹಲಗೆಯ ಮೇಲೆ ಥರ್ಮೋಕೋಲ್ ತರಗತಿಗಳು, ಪಕ್ಕದಲ್ಲೊಂದು ಗ್ರಂಥಾಲಯ ಎದ್ದವು. ಸುತ್ತ ಹುಲ್ಲುಹಾಸು ಬೇಕು. ಗುಡ್ಡದಿಂದ ಕಿತ್ತು ತಂದ ಹುಲ್ಲು ಮರುದಿನವೇ ಒಣಗಿತು. ನಾನು ಬಿಡುವ ಆಸಾಮಿಯೇ? ಮಣ್ಣು ಹರಡಿ ಜೋಳ ಬಿತ್ತಿದೆ. ನಡುವೆ ಮಳೆನೀರಿನ ತೊಟ್ಟಿ ಬೇಕಿತ್ತು. ಮನೆಯಿಂದ ಹಿತ್ತಾಳೆ ಚೊಂಬು ಎತ್ತಿಕೊಂಡೆ.

"ಅದನ್ನ ಒಯ್ದರ ಘಟಕ್ಕ ನಾ ಏನಿಡ್ಲೋ?" ಎಂದಳು ಅವ್ವ.

"ಅವ್ವಾ, ಇದು ವಿಜ್ಞಾನ!"

ಮಕ್ಕಳು ನಕ್ಷತ್ರ ನೋಡಲು ತೊಟ್ಟಿಯ ಮೇಲೆ ಗುಂಡನೆಯ ತಾರಾಲಯವೂ ಇರಲಿ ಎನಿಸಿತು. ತೆಂಗಿನಕಾಯಿ ಸರಿಯಾಗಿ ಕೂತಿತು. ಇಷ್ಟೂ ಸಾಲದೆಂಬಂತೆ ಬೆಳಕು ಬೀಳಲೆಂದು ಹಲಗೆಯನ್ನು ಶಾಲೆಯ ಹಾಲ್‌ನ ಪೂರ್ವದ ಕಿಟಕಿಯ ಬಳಿ ಇಟ್ಟೆ. ನಂತರ ಮಕ್ಕಳಿಗೆ ಅಪ್ಪಣೆ ಹೊರಡಿಸಿದೆ: ಚಪ್ಪಲಿ ಹೊರಗೆ ಬಿಡಬೇಕು, ಕೈ ತೊಳೆಯದೆ ಮುಟ್ಟಬಾರದು, ದಿನಾ ನೀರು ಚಿಮುಕಿಸಬೇಕು. ಅಂದು ನವರಾತ್ರಿಯ ಮೊದಲ ದಿನ. ಇಡೀ ತುರ್ಭೆಯಲ್ಲಿ ಅದು ಗೊತ್ತಿಲ್ಲದವನು ನಾನೊಬ್ಬನೇ!

ಮುಂದಿನ ಶನಿವಾರ ಬಂದು ನೋಡುತ್ತೇನೆ, ಜೋಳ ಗೇಣುದ್ದ ಎದ್ದಿದೆ. ತೊಟ್ಟಿಗೆ ಅರಿಶಿನ, ತಾರಾಲಯಕ್ಕೆ ಕುಂಕುಮ. ಗ್ರಂಥಾಲಯದ ಪಕ್ಕದಲ್ಲಿ ಎಣ್ಣೆ ದೀಪ ಉರಿಯುತ್ತಿದೆ; ಗ್ರಂಥಾಲಯ ಕರಗಿ ತುಪ್ಪಳ ಉದುರಿದ ಬೆಕ್ಕಿನಂತಾಗಿದೆ! ಊದಲು ಬಾಯಿ ದುಂಡಗೆ ಮಾಡಿದೆ.

"ಯಪ್ಪಾ, ದೀಪ ಆರಿಸಬ್ಯಾಡ್ರಿ!" ಎಂದು ಅಡ್ಡ ಬಂದಳು ಮಲ್ಲಮ್ಮ. ಕಲಬುರಗಿ ಕಡೆಯವಳು, ಕಟ್ಟಡ ಕೆಲಸದವಳು. ಅವಳ ಮಗಳು ನಮ್ಮ ಮೂರನೇ ಇಯತ್ತೆಯಲ್ಲಿ ಓದುತ್ತಿದ್ದಳು.

"ಮಲ್ಲಮ್ಮ, ಇದು ಶಾಲಿ ಮಾಡೆಲ್ಲು."

"ಹೌದ್ರಿ, ಶಾಲಿ ದೇವಿ. ನಮ್ಮ ಪೋರಿ ಹೇಳ್ಯಾಳ. ನೀವು ಗಂಡಸರಾಗಿ ಘಟ ಕೂಡ್ಸೀರಿ, ಭಾಳ ಚಲೋ ಆತು."

ಆಗ ಹೊಳೆಯಿತು ನನಗೆ. ಹಲಗೆಯನ್ನು ಬೇರೆ ಕಡೆ ಸರಿಸಲು ಕೈ ಹಾಕಿದೆ. ಕೂಡಿಸಿದ ಘಟ ಅಲುಗಾಡಬಾರದೆಂದು ನಾಲ್ಕಾರು ಹೆಂಗಸರು ಗದರಿದರು. ಇರಲಿ, ಸೋಲುವುದಿಲ್ಲ ಎಂದುಕೊಂಡೆ. ಕರಗಿದ ಗ್ರಂಥಾಲಯದ ಮುಂದೆ "ಬಯಲು ತರಗತಿ" ಎಂದು ಚೀಟಿ ಅಂಟಿಸಿದೆ. ಕುಂಕುಮವನ್ನು ದಸರೆಯ ದಿನ ಒರೆಸಿದರಾಯಿತು. ಹಸಿರಂತೂ ಸೊಂಪಾಗಿತ್ತು!

ದಸರೆಯ ಬೆಳಿಗ್ಗೆ ಶೆಟ್ಟರನ್ನು ಕರೆತರಲು ಖುದ್ದಾಗಿ ಹೊರಟೆ. ದಾರಿಯುದ್ದಕ್ಕೂ ಹುಲ್ಲುಹಾಸನ್ನು ವರ್ಣಿಸಿದೆ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು ಕೈ ಚಾಚಿದೆ: "ಇದೇ ಶೆಟ್ಟರೆ, ಮಕ್ಕಳು ಹಸಿರಿನ ನಡುವೆ ಕಲಿಯುವ ಭವಿಷ್ಯದ ಶಾಲೆ!"

ಹಲಗೆಯ ಮೇಲೆ ಬರೀ ಮಣ್ಣು. ಒಂದು ಎಳೆ ಹಸಿರಿಲ್ಲ! ದಸರೆಗೆ ಘಟದ ಸಸಿ ಕಿತ್ತು ಮುಡಿಯುವುದು ಪದ್ಧತಿ; ನಾನು ಹೋಗಿ ಬರುವಷ್ಟರಲ್ಲಿ ಅದು ಸಾಂಗವಾಗಿ ನೆರವೇರಿತ್ತು. ಹುಲ್ಲುಹಾಸು ಹೆಂಗಸರ ತುರುಬಿನಲ್ಲಿ, ಗಂಡಸರ ಟೊಪ್ಪಿಗೆಯಲ್ಲಿ, ಮಕ್ಕಳ ಕಿವಿಯ ಸಂದಿಯಲ್ಲಿ. ತಾರಾಲಯ ಒಡೆದು ಚೂರಾಗಿ, ಬೆಲ್ಲದ ಜೊತೆ ತಟ್ಟೆಯಲ್ಲಿತ್ತು. ಕುಲಕರ್ಣಿ ಬಾಯಿಯ ಹೆರಳಿನಲ್ಲೂ ಜೋಳ!

ನಾನು ಕುಗ್ಗಲಿಲ್ಲ. "ಹಸಿರನ್ನು ತಾವು ಕಲ್ಪಿಸಿಕೊಳ್ಳಬೇಕು," ಎಂದು ಘೋಷಿಸಿ, ಕಣ್ಣು ಮುಚ್ಚಿ, ಕೋಗಿಲೆ ಕೂಗಿದೆ. ಗಿಳಿ, ಗುಬ್ಬಿ, ಕಾಗೆ ಕೂಗಿದೆ. ಬಿದಿರಿನಲ್ಲಿ ಗಾಳಿ ಸುಯ್ಯುವುದನ್ನೂ ಮಾಡಿದೆ. ಕಣ್ಣು ಬಿಟ್ಟಾಗ ಮಲ್ಲಮ್ಮ ಶೆಟ್ಟರ ಕಿವಿಯ ಮೇಲೆ ಸಸಿ ಸಿಕ್ಕಿಸುತ್ತಿದ್ದಳು.

ಶೆಟ್ಟರು ಅದನ್ನು ಕಿವಿಯಿಂದ ತೆಗೆದು ಬೆಳಕಿಗೆ ಹಿಡಿದರು. "ಇದಕ್ಕೆ ನೀರು ಹಾಕಿದ್ದು ಯಾರು?"

"ನಾವ್ರೀ," ಎಂದಳು ಮಲ್ಲಮ್ಮ. "ಪಾಳಿ ಹಚ್ಚಿ ಹಾಕೀವಿ. ಕೆಲಸಕ್ಕ ಹೋಗೂಕಿಂತ ಮೊದಲ."

"ಅಂಗಳದಲ್ಲಿ ಬಿತ್ತಿದರೂ ಹಾಕ್ತೀರಾ?"

"ಹಾಕದಂಗ ಇರ್ತೀವೇನ್ರಿ? ನಮ್ಮ ಹುಡುಗ್ರಿಗೆ ಜ್ವಾಳದ ಹೊಲ ಹ್ಯಾಂಗಿರ್ತದ ಅಂತನೇ ಗೊತ್ತಿಲ್ಲ."

ಶೆಟ್ಟರು ಕಿಟಕಿಯಿಂದ ತಮ್ಮ ಅಂಗಳವನ್ನು ಒಮ್ಮೆ ನೋಡಿದರು. "ಟೆಂಪೋದವರಿಗೆ ಬೇರೆ ಜಾಗ ನೋಡ್ಲಿಕ್ಕೆ ಹೇಳ್ತೇನೆ ಬಾಯಿ. ನೀವು ಬಿತ್ತಿ."

ಹಾಲ್ ತುಂಬ ಚಪ್ಪಾಳೆ. ನಾನು ತೋಳು ಮಡಚಿ ಮುಂದೆ ಬಂದೆ. "ಹಾಗಾದರೆ ನಾಳೆಯಿಂದ ಎಲ್ಲ ನನ್ನ ಮೇಲ್ವಿಚಾರಣೆಯಲ್ಲಿ..."

"ನೀವು ಬೇಡ ಮಾರಾಯ್ರೆ," ಎಂದರು ಶೆಟ್ಟರು. "ಜೋಳ ತೆನೆ ಬಿಟ್ಟ ಮೇಲೆ ಬನ್ನಿ. ಹಕ್ಕಿ ಓಡಿಸ್ಲಿಕ್ಕೆ ನಡುವಲ್ಲಿ ಒಬ್ಬ ನಿಲ್ಲಬೇಕಾಗ್ತದೆ. ಬಾಯಿ ಮಾತ್ರ ತೆರೀಬೇಡಿ, ನೆಂಟರು ಕರೆದ್ರು ಅಂತ ಎಲ್ಲ ಬಂದು ಕೂತ್ಕೊಳ್ತಾವೆ!"