ಬಸವರಾಜು ತುತ್ತಿಟ್ಟದ್ದು

“ಎಂತೆಂಥಾ ಹೋರಿಗೇ ಬಾಯಿಗೆ ಬಿದಿರಿನ ಗೊಟ್ಟ ಇಟ್ಟು ಔಸ್ತಿ ಕುಡ್ಸಿರೋನು ಕಣೇ ನಾನು! ಇವತ್ತು ಚಿನ್ನುಗೆ ನಾನೇ ಉಣ್ಣುಸ್ತೀನಿ. ನೀನು ಅತ್ಲಾಗೆ ಕೂತು ನೋಡ್ತಿರು!”

ಕಂಪಲಾಪುರದ ಬಸವರಾಜು ಪಂಚೆ ಎತ್ತಿ ಕಟ್ಟಿ ಹೀಗೆ ಘೋಷಿಸಿದಾಗ ಹೆಂಡತಿ ವಿಮಲಮ್ಮ ತಟ್ಟೆ ದಾಟಿಸಿದಳು.

ನಾಲ್ಕು ವರ್ಷದ ಮಗಳು ಚಿನ್ನುವಿಗೆ ಸಿಸ್ಟಿಕ್ ಫೈಬ್ರೋಸಿಸ್. ಹುಟ್ಟಿನಿಂದಲೇ ಬಂದ ಕಾಯಿಲೆ. ಎದೆಯಲ್ಲಿ ಕಫ ಅಂಟಂಟಾಗಿ ಕಟ್ಟುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಪ್ರತಿ ಊಟಕ್ಕೂ ಜೀರ್ಣದ ಮಾತ್ರೆ. ಜೊತೆಗೆ ತುಪ್ಪ, ಬೆಣ್ಣೆ, ಮೊಟ್ಟೆ, ಉಪ್ಪು ಎಲ್ಲ ಧಾರಾಳ. ಊರವರಿಗೆಲ್ಲ ಡಾಕ್ಟರು ಬೇಡವೆಂದದ್ದೇ ಈ ಮಗುವಿಗೆ ಬೇಕು! ಮಗುವಿಗೆ ಮಾತ್ರ ಯಾವುದೂ ಬೇಡ. ಕಳೆದ ಸಲ ಮೈಸೂರಿನ ಡಾಕ್ಟರು ತೂಕ ನೋಡಿ, “ಇನ್ನೂ ಇಳಿದರೆ ಹೊಟ್ಟೆಗೇ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತೆ” ಎಂದಿದ್ದರು.

ಯುದ್ಧ ಆರಂಭವಾಯಿತು. ಬಸವರಾಜು ಟವೆಲನ್ನು ಬಾಲವಾಗಿ ಸಿಕ್ಕಿಸಿಕೊಂಡು ಕೋತಿಯಾದ, ಕೈಕಾಲೂರಿ ಆನೆಯಾದ. ಚಿನ್ನು ಕೇಕೆ ಹಾಕಿ ನಕ್ಕಳು. ತುತ್ತು ಹತ್ತಿರ ಬಂದೊಡನೆ ತುಟಿಗೆ ಬೀಗ!

“ಇನ್ನೊಂದ್ಸಲ ಆನೆ ಆಗಪ್ಪ!”

ಆದ. ಮಂಡಿ ತರಚಿತು. ತುಪ್ಪದನ್ನ ತಣ್ಣಗಾಗಿ ಗಟ್ಟಿಯಾಯಿತು. ಕೋತಿಗೂ ಸುಸ್ತಾಗಿ ಆನೆಗೂ ಸುಸ್ತಾಗಿ, ಕೊನೆಗೆ ಉಳಿದವನು ಹೆದರಿದ ಅಪ್ಪ ಒಬ್ಬನೇ.

“ತಿನ್ನೇ! ತಿನ್ದಿದ್ರೆ ಸತ್ತೋಯ್ತೀಯ ಕಣೇ!”

ಅಂದವನೇ ಕೆನ್ನೆ ಒತ್ತಿ ತುತ್ತು ತುರುಕಿದ. ಚಿನ್ನುವಿಗೆ ಕೆಮ್ಮು ಹತ್ತಿತು. ಮುಖ ಕಪ್ಪಿಟ್ಟಿತು. ಬೆಳಗ್ಗೆ ಕುಡಿದ ಹಾಲೂ ಸೇರಿ ಎಲ್ಲ ಅವನ ಅಂಗಿಯ ಮೇಲೆ ಬಂತು. ಉಸಿರು ಮರಳಿದ ಮೇಲೆ ಮಗು ಮೊದಲು ಮಾಡಿದ್ದು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡದ್ದು.

ಬಸವರಾಜು ಗೋಡೆಗೊರಗಿ ಕುಸಿದ. “ಈ ಕೈಯ ಕಡ್ದಾಕ್ಬೇಕು.”

“ಕಡ್ಕಂಡ್ರೆ ಅಂಗಿ ಒಗೆಯೋರ್ಯಾರು? ಏಳಿ,” ಎಂದಳು ವಿಮಲಮ್ಮ.

ಸಂಜೆ ಅವಳು ಮಾತ್ರೆ ಕೊಟ್ಟು, ಮೂವರಿಗೂ ಒಟ್ಟಿಗೆ ಬಡಿಸಿ, ತಾನೇ ಮೊದಲು ಉಣ್ಣತೊಡಗಿದಳು. ಮಗಳಿಗೆ ತಿನ್ನು ಎನ್ನಲಿಲ್ಲ, ಅತ್ತ ನೋಡಲೂ ಇಲ್ಲ. ಬಸವರಾಜು ತಲೆ ತಗ್ಗಿಸಿ ಮುದ್ದೆ ಮುರಿದ. ಸ್ವಲ್ಪ ಹೊತ್ತಿಗೆ ಪುಟ್ಟ ಕೈಯೊಂದು ಮೊಟ್ಟೆಯ ಚೂರೆತ್ತಿಕೊಂಡಿತು. ಆಮೇಲೆ ಮತ್ತೊಂದು.

“ನೋಡ್ದೇನೇ, ತಿಂದ್ಳು!” ಬಸವರಾಜು ಚೀರಿದ.

ಪುಟ್ಟ ಕೈ ಅಲ್ಲೇ ನಿಂತಿತು.

ವಿಮಲಮ್ಮ ಎಡಗೈಯಲ್ಲಿ ಗಂಡನ ಬಾಯಿ ಅದುಮಿ ಪಿಸುಗುಟ್ಟಿದಳು: “ನೀವು ಬಾಯ್ ಮುಚ್ಕಂಡ್ರೇನೇ ಕಣ್ರೀ, ಅವ್ಳು ಬಾಯ್ ಬುಡೋದು!”