ಅಲ್ಮಾಜಳ ಕಾವಲಿ ಮತ್ತು ನನ್ನ ನೀರುದೋಸೆ

ನೀರುದೋಸೆ ಹೊಯ್ಯಲು ಗಂಡಸಿಗೆ ಬೇಕಾದ್ದು ಎರಡೇ: ಧೈರ್ಯ ಮತ್ತು ದೊಡ್ಡ ಕಾವಲಿ. ಧೈರ್ಯ ನನಗೆ ಹುಟ್ಟಿನಿಂದಲೇ ಇತ್ತು. ಕಾವಲಿ ಎದುರು ಮನೆಯ ಅಲ್ಮಾಜಳಲ್ಲಿತ್ತು.

ಚರ್ಚಿನಲ್ಲಿ ಮಗಳ ಪ್ರಥಮ ಪರಮಪ್ರಸಾದದ ದಿನ ಕುವೈತಿನ ಖೈತಾನಿನ ನಮ್ಮ ಫ್ಲ್ಯಾಟಿನಲ್ಲಿ ಬಂಧುಬಳಗಕ್ಕೆ ಬೆಳಗ್ಗಿನ ತಿಂಡಿ. ಕೋಳಿ ಸುಕ್ಕ ಹೆಂಡತಿ ಲವೀನಾಳದ್ದು. ಬಿಸಿಬಿಸಿ ನೀರುದೋಸೆ ನನ್ನದು ಎಂದು ಘೋಷಿಸಿಬಿಟ್ಟೆ. ಊರಿಂದ ಬಂದಿದ್ದ ಅತ್ತೆ, "ನಿಮ್ಮಿಂದ ಆಗುದುಂಟಾ?" ಎಂದರು. ಇನ್ನು ಹಿಂದೆ ಸರಿಯುವ ಪ್ರಶ್ನೆಯೇ ಇರಲಿಲ್ಲ.

ಅಲ್ಮಾಜ್ ಲವೀನಾಳ ಜೊತೆ ಆಸ್ಪತ್ರೆಯಲ್ಲಿ ನರ್ಸ್, ಇಥಿಯೋಪಿಯಾದವಳು. ಅವರ ಊರಿನ ರೊಟ್ಟಿ ಇಂಜೆರಾ ಬೇಯಿಸಲು ಆಕೆಯಲ್ಲೊಂದು ಕರೆಂಟಿನ ಮಣ್ಣಿನ ಕಾವಲಿ ಇದೆ. ಮೊರದಷ್ಟು ಅಗಲ. ಒಂದೇ ಸಲಕ್ಕೆ ನಾಲ್ಕು ದೋಸೆ! ಹಿಂದಿನ ಸಂಜೆ ಅದನ್ನು ಕೊಡುವಾಗ, "ಇದು ಕರೆಂಟ್ ಕುಡಿಯುತ್ತದೆ ಭಾಯಿ. ಊರಲ್ಲಿ ನಮ್ಮ ಬೀದಿಯಲ್ಲಿ ಹಬ್ಬದ ದಿನ ಎಲ್ಲರೂ ಹಚ್ಚಿದರೆ ಕರೆಂಟೇ ಹೋಗುತ್ತದೆ" ಎಂದು ಹಿಂದಿಯಲ್ಲಿ ಎಚ್ಚರಿಸಿದಳು.

"ಇದು ಕುವೈತ್, ಅಲ್ಮಾಜ್" ಎಂದು ನಾನು ತೈಲಸಂಪತ್ತಿನ ಕುರಿತು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಆಕೆ ನಕ್ಕು ಹೋದಳು.

ಮರುದಿನ ಚರ್ಚಿನಲ್ಲಿ ಪೂಜೆ ಮುಗಿದು ಎಲ್ಲರೂ ಫೋಟೋಕ್ಕೆ ನಿಂತಾಗ ನಾನು ಟ್ಯಾಕ್ಸಿ ಹಿಡಿದು ಮನೆ ಸೇರಿದೆ. ಕಾವಲಿ ಹಚ್ಚಿದೆ. ಮನೆಯ ಮೇನ್ ಸ್ವಿಚ್ ಬಿತ್ತು, ಕರೆಂಟು ಹೋಯಿತು. ಮೇನ್ ಎತ್ತಿ, ಎಸಿ ಆರಿಸಿ ಮತ್ತೆ ಹಚ್ಚಿದೆ. ಈ ಸಲ ಕಾವಲಿ ಕಾಯಿತು. ಅರ್ಧ ನೀರುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ ಶಾಸ್ತ್ರೋಕ್ತವಾಗಿ ಉಜ್ಜಿದೆ. ಹೊಗೆ ಎದ್ದಿತು. ಹಿಟ್ಟು ಹೊಯ್ದೆ. ದೋಸೆ ಮಣ್ಣನ್ನು ಅಪ್ಪಿಕೊಂಡು ಕೂತಿತು, ಏಳಲಿಲ್ಲ. ಕಾವು ಸಾಲದು ಎಂದುಕೊಂಡು ಬಿಸಿ ಏರಿಸಿದೆ. ಮೇನ್ ಪುನಃ ಬಿತ್ತು.

ಇಷ್ಟಕ್ಕೆ ಸೋಲುವವನು ನಾನಲ್ಲ. ಹೊರಗೆ ಕಾರಿಡಾರಿನಲ್ಲಿ ಕಟ್ಟಡದ ಪ್ಲಗ್ ಒಂದಿತ್ತು. ಸಾರ್ವಜನಿಕ ಕರೆಂಟು ಎಂದ ಮೇಲೆ ನನ್ನದೂ ಹೌದಲ್ಲ? ವಯರ್ ಎಳೆದು ಅಲ್ಲೇ ನೆಲದ ಮೇಲೆ ಕಾವಲಿ ಹೂಡಿ, ಪ್ಯಾಂಟು ಮಡಚಿ ಕುಳಿತೆ. ಗುಂಡಿ ಒತ್ತಿದೆ. ಕಾರಿಡಾರು ಕತ್ತಲಾಯಿತು.

ಫೋನ್ ಬಂತು. ಲವೀನಾ.

"ಲಿಫ್ಟ್ ಮಧ್ಯದಲ್ಲಿ ನಿಂತಿದೆ. ಅಮ್ಮನೂ ಮಗಳೂ ಒಳಗಿದ್ದಾರೆ. ನೀವು ಎಂತ ಮಾಡಿದ್ರಿ ಮಾರಾಯ್ರೆ?"

"ನಾನು ಎಂತ ಮಾಡ್ಲಿಕ್ಕೆ?"

"ಸತ್ಯ ಹೇಳಿ, ಎಂತ ಮಾಡಿದ್ರಿ?"

ಕಟ್ಟಡದ ಕಾವಲುಗಾರ ಓಡಿ ಬಂದು ನೆಲದ ಮೇಲಿದ್ದ ನನ್ನನ್ನೂ ಹಿಟ್ಟಿನ ಪಾತ್ರೆಯನ್ನೂ ನೋಡಿದ. "ಖಲಾಸ್, ಖಲಾಸ್" ಎನ್ನುತ್ತಾ ವಯರ್ ಕಿತ್ತು, ಫ್ಯೂಸ್ ಸರಿಮಾಡಲು ಕೆಳಗೆ ಓಡಿದ. ಸ್ವಲ್ಪ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆಯಿತು. ಬಿಳಿ ಗೌನಿನ ಮಗಳು ಬೆವರಿನಲ್ಲಿ ತೊಯ್ದಿದ್ದಳು. ಹಸಿದ ನೆಂಟರು ನನ್ನನ್ನು ದಾಟಿಕೊಂಡು ಒಳಗೆ ಹೋದರು. ಮಗಳ ಮುಖ ನೋಡಲು ನಿಜಕ್ಕೂ ನಾಚಿಕೆಯಾಯಿತು.

ಆಗ ಅಲ್ಮಾಜ್ ಬಾಗಿಲು ತೆರೆದು ದೊಡ್ಡ ಬುಟ್ಟಿಯೊಂದನ್ನು ಹೊತ್ತು ಬಂದಳು. ಬುಟ್ಟಿ ತುಂಬ ಮಡಚಿಟ್ಟ ಇಂಜೆರಾ.

"ನಿನ್ನೆ ಕಾವಲಿ ಕೊಡುವ ಮೊದಲೇ ಬೇಯಿಸಿಟ್ಟೆ. ಹಬ್ಬದ ದಿನದ ಕರೆಂಟನ್ನು ನಾವು ಯಾರೂ ನಂಬುವುದಿಲ್ಲ, ಭಾಯಿ."

ಇಂಜೆರಾದಲ್ಲಿ ಸುಕ್ಕ ಸುತ್ತಿ ತಿಂದ ಅತ್ತೆ, "ಚೂರು ಹುಳಿ ಉಂಟು, ಆದ್ರೆ ಲಾಯ್ಕುಂಟು" ಎಂದು ಎರಡನೆಯದಕ್ಕೆ ಕೈ ಚಾಚಿದರು. ಮಗಳು ಮೂರನೆಯದರಲ್ಲಿದ್ದಳು. ನನ್ನ ದೋಸೆಯ ಸುದ್ದಿ ಯಾರೂ ಎತ್ತಲಿಲ್ಲ.

ನಾನು ಮಾತ್ರ ಛಲ ಬಿಡಲಿಲ್ಲ. ಅಷ್ಟೂ ಜನರ ಎಂಜಲು ತಟ್ಟೆಗಳನ್ನು ಒಬ್ಬನೇ ತೊಳೆದು ಮುಗಿಸಿದೆ. ಆ ಕೆಲಸಕ್ಕೆ ಕರೆಂಟು ಬೇಕಾಗುವುದಿಲ್ಲ.