ಗಾಜಿನೊಳಗಿನ ಅಮ್ಮ

ದೇವರು ನನ್ನನ್ನು ಗಾಜಿನೊಳಗಿನ ಕೆಲಸಕ್ಕೆ ಹಾಕಿದ್ದ. ಬೆಳಿಗ್ಗೆ ಅವನಿಗೆ ಕೈಮುಗಿದು ಒಳಹೊಕ್ಕರೆ, ಏನಾದರೊಂದು ನಗೆಪಾಟಲು ಮಾಡಿಸದೆ ಅವನು ನನ್ನನ್ನು ಹೊರಗೆ ಬಿಡುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆ. ಬಲ್ಮಠದ ದೊಡ್ಡ ರೇಷ್ಮೆ ಸೀರೆ ಅಂಗಡಿಯಲ್ಲಿ ರಸ್ತೆಗೆ ಕಾಣುವ ಶೋಕೇಸನ್ನು ಸಿಂಗರಿಸುವವ ನಾನು. ದಾರಿಹೋಕರು ಯಾತಕ್ಕೆ ನಿಲ್ಲುತ್ತಾರೆ, ಯಾತಕ್ಕೆ ನಿಲ್ಲುವುದಿಲ್ಲ ಎಂಬ ಕುತೂಹಲ ಇನ್ನೂ ತಣಿದಿಲ್ಲ.

೧. ಪರದೆ

ಬೊಂಬಾಯಿಯಿಂದ ಆಳೆತ್ತರದ ಗೊಂಬೆ ಬಂತು. ಬಿಳಿ ಮುಖ, ನಸುನಗು, ಅಂಗೈ ತೋರಿಸಿ ಎತ್ತಿದ ಬಲಗೈ. ಗೊಂಬೆಯಾದರೂ ಹೆಣ್ಣುರೂಪ, ಬೀದಿಯ ಜನರೆದುರು ಸೀರೆ ಬದಲಿಸಲು ಮನಸ್ಸು ಬರಲಿಲ್ಲ. ಒಳಗಿಂದ ಕೆಂಪು ಪರದೆ ಎಳೆದೆ. ನೆರಿಗೆ ಹಿಡಿದು ಮುಗಿಸುವಷ್ಟರಲ್ಲಿ ಹೊರಗೆ ಜನವೋ ಜನ. ಒಬ್ಬರಂತೂ ಯಕ್ಷಗಾನವೆಂದೇ ತಿಳಿದು ಒಳಬಂದು, "ಆಟ ಎಷ್ಟು ಗಂಟೆಗೆ? ಯಾವ ಮೇಳ?" ಎಂದು ಕೇಳಿದರು.

ಪರದೆ ಸರಿಸಿದೆ. ಬರೀ ಸೀರೆ ಕಂಡಿತು. ಜನ ಚದುರಿದರು.

"ಮಾರಾಯ್ರೇ," ಎಂದರು ಅಂಗಡಿಯ ಧಣಿಗಳು, "ಆ ಪರದೆಯನ್ನೇ ಇಡಿ. ಅದಕ್ಕೇ ರಶ್ ಉಂಟು."

೨. ತಿರುಗುವ ಗೊಂಬೆ

ಪಕ್ಕದ ಅತ್ತರಿನ ಅಂಗಡಿಯ ಬ್ಯಾರಿ ಸಾಹುಕಾರರು ದುಬಾಯಿ ನೋಡಿ ಬಂದವರು. "ಅಲ್ಲಿ ಗೊಂಬೆ ತಿರುಗ್ತದೆ" ಎಂದರು. ಧಣಿಗಳಿಗೂ ಆಸೆ ಹುಟ್ಟಿತು. ಹಳೆಯ ಗ್ರೈಂಡರಿನ ಮೋಟಾರನ್ನು ಗೊಂಬೆ ನಿಂತ ಹಲಗೆಯಡಿ ಕೂರಿಸಿದೆ. ಮುಸ್ಸಂಜೆ ಸ್ವಿಚ್ ಹಾಕಿದ್ದೇ ತಡ, ಸೆರಗು ಮೊಳೆಗೆ ಸಿಕ್ಕಿತು. ಗೊಂಬೆ ತಿರುಗಿದಷ್ಟೂ ಸೀರೆ ಬಿಚ್ಚುತ್ತಾ ಬಂತು. ಸ್ವಿಚ್ಚಿಗೆ ಕೈ ಎಟುಕದೆ "ಕೃಷ್ಣಾ!" ಎಂದು ಕೂಗಿದೆ. ಫಕ್ಕನೆ ಇಡೀ ಬೀದಿಯ ಕರೆಂಟ್ ಹೋಯಿತು.

ಕತ್ತಲಲ್ಲಿ ಸಾಹುಕಾರರ ಸ್ವರ: "ದ್ರೌಪದಿಗೆ ಸೀರೆ ಕೊಟ್ಟದ್ದಲ್ವಾ ನಿಮ್ಮ ಕೃಷ್ಣ? ಇಲ್ಲಿ ಕರೆಂಟ್ ತೆಗೆದದ್ದು ಎಂತಕ್ಕೆ?"

"ಇಲ್ಲಿ ಸೀರೆಗೆ ಎಂತ ಬರ, ಸಾಹೇಬ್ರೇ? ಸ್ಟಾಕ್ ಉಂಟಲ್ಲ!" ಎಂದೆ.

೩. ಬೈರಾಸು

ಧಣಿಗಳ ತಾಳ್ಮೆ ಮುಗಿಯಿತು. "ನವರಾತ್ರಿ ಮುಗಿಯುವುದರೊಳಗೆ ಗೊಂಬೆ ಉಟ್ಟ ಸೀರೆ ಮಾರಿಹೋಗದಿದ್ದರೆ ಶೋಕೇಸ್ ತೆಗೆದು ಅಲ್ಲಿ ಬೈರಾಸು ಒಟ್ಟಿಡ್ತೇನೆ. ನೀವು ಬೇರೆ ಕೆಲಸ ನೋಡಿ."

ಬೈರಾಸೆಂದರೆ ಮೈ ಒರಸುವ ತೆಳು ವಸ್ತ್ರ. ಯಾರಿಗೂ ಬೇಡವಾಗಿ ಒಳಗೆ ರಾಶಿ ಬಿದ್ದಿತ್ತು. ನಾನು ದೇವರ ಮೇಲೆ ಭಾರ ಹಾಕಿ, ಗೊಂಬೆಗೆ ಹಸಿರು ಜರಿ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಮನೆಯ ರೂಢಿಯಂತೆ ಪಕ್ಕದಲ್ಲೊಂದು ದೀಪ ಹಚ್ಚಿದೆ.

ಮರುದಿನ ಒಬ್ಬ ಅಜ್ಜಿ ಚಪ್ಪಲಿ ಕಳಚಿ ಗಾಜಿನೆದುರು ಕೈಮುಗಿದರು. ಎತ್ತಿದ ಕೈ ಅಭಯಹಸ್ತವೇ ಆಗಿಬಿಟ್ಟಿತ್ತು. ಅವರನ್ನು ನೋಡಿ ಮತ್ತೊಬ್ಬರು, ಮಗದೊಬ್ಬರು. ನನಗೆ ಅಳುಕಾಯಿತು. ಹೊರಗೆ ಓಡಿ, "ಅಮ್ಮಾ, ಇದು ಬೊಂಬಾಯಿಯ ಗೊಂಬೆ" ಎಂದೆ.

"ಗೊತ್ತುಂಟು ಮಗಾ. ಬೊಂಬಾಯಿಯಲ್ಲಿ ದೇವಿ ಇಲ್ವಾ?"

ಇಷ್ಟು ವರ್ಷ ಭಜನೆ ಹಾಡಿದ ನಾನು ಒಳಹೋಗಿ ದೀಪಕ್ಕೆ ಎಣ್ಣೆ ಹೊಯ್ದೆ.

ಆದರೆ ಕೈಮುಗಿದವರು ಹಾಗೇ ಹೋಗುತ್ತಿದ್ದರು. ಒಳಗೆ ನೊಣವೂ ಬರಲಿಲ್ಲ. ಧಣಿಗಳು ಬೈರಾಸಿನ ಗಂಟು ಬಿಚ್ಚಿಸಿದರು. ಕೊನೆಯ ದಿನ ಅದೇ ಅಜ್ಜಿ ಸೊಸೆಯರೊಡನೆ ಒಳಬಂದು ಕೇಳಿದರು: "ಅಮ್ಮ ಉಟ್ಟ ಸೀರೆಯ ಏಲಂ ಯಾವಾಗ?" ದೇವಸ್ಥಾನದಲ್ಲಿ ದೇವಿಗೆ ಉಡಿಸಿದ ಸೀರೆಯನ್ನು ಏಲಂ ಹಾಕುತ್ತಾರಲ್ಲ, ಹಾಗೆ.

"ಇದು ಅಂಗಡಿ ಅಮ್ಮಾ. ಏಲಂ ಇಲ್ಲ, ಒಂದೇ ರೇಟ್" ಎಂದೆ.

"ಒಳ್ಳೇದಾಯ್ತು. ಅಲ್ಲಿ ಏರಿಸ್ತಾರೆ."

ಸೀರೆ ಹೋಯಿತು. "ಇನ್ನೊಂದು ಉಡಿಸಿ, ನಾವು ಕಾಯ್ತೇವೆ" ಎಂದಳು ಸೊಸೆಯರಲ್ಲೊಬ್ಬಳು.

ಶೋಕೇಸ್ ಉಳಿಯಿತೆಂದು ನಾನು ಕಣ್ಣುಮುಚ್ಚಿ ದೇವರನ್ನು ನೆನೆಯುತ್ತಿದ್ದಾಗ ಧಣಿಗಳು ಹತ್ತಿರ ಬಂದು, ಗೊಂಬೆಗೆ ಕೇಳಿಸದಂತೆ ಮೆಲ್ಲನೆ ಕೇಳಿದರು:

"ಮಾರಾಯ್ರೇ, ನಾಳೆ ಅಮ್ಮನಿಗೆ ಬೈರಾಸು ಉಡಿಸ್ಲಿಕ್ಕೆ ಆಗ್ತದಾ?"